ಪೂಜೆಗಿಟ್ಟ ಆಂಪ್ಲಿಫೈಯರ್

ನಾನು ದೈವಭಕ್ತನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಾನು ಮಹಾ ಭಕ್ತನಂತೆ ನಡೆದುಕೊಂಡ ಒಂದು ಸಂಜೆಯ ವಿಷಯ ಮುಂದೆ ಬರುತ್ತದೆ, ಆಗ ಓದುವವರು ಮೋಸಹೋಗಬಾರದು. ಹಬ್ಬದ ದಿನ ಹೆಂಡತಿ ಕರೆದರೆ ಮಂಗಳಾರತಿಗೆ ಬಂದು ನಿಲ್ಲುತ್ತೇನೆ. ವರ್ಷಕ್ಕೊಮ್ಮೆ ಫ್ಲಶಿಂಗ್‌ನ ಗಣಪತಿ ದೇವಸ್ಥಾನಕ್ಕೆ ಹೋಗುತ್ತೇನೆ, ಅದೂ ಕ್ಯಾಂಟೀನಿನ ದೋಸೆಗೆ. ನನ್ನ ಭಕ್ತಿ ಅಷ್ಟೇ.

ಕೈಮುಗಿಯಬೇಕು ಅನ್ನಿಸುವುದು ನನಗೆ ಮೆಟುಚೆನ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ. ಅಲ್ಲಿ ಹಳೆಯ ವಾಲ್ವ್ ಆಂಪ್ಲಿಫೈಯರುಗಳನ್ನು ಬಿಚ್ಚಿ ರಿಪೇರಿ ಮಾಡುತ್ತೇನೆ. ನಾನು ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವಾಗಲೇ ವಾಲ್ವ್‌ಗಳ ಕಾಲ ಮುಗಿದುಹೋಗಿತ್ತು. ಲ್ಯಾಬಿನ ಕಪಾಟಿನಲ್ಲಿ ಧೂಳು ಹಿಡಿದ ಗಾಜಿನ ಬುರುಡೆಗಳನ್ನು ತೋರಿಸಿ, 'ಇವೆಲ್ಲ ಮ್ಯೂಸಿಯಂಗೆ' ಎಂದು ನಮ್ಮ ಲೆಕ್ಚರರು ಮುಂದೆ ಹೋಗುತ್ತಿದ್ದರು. ಆ ಬುರುಡೆಗಳೇ ನನಗೆ ಇಷ್ಟವಾದವು. ಹಗಲೆಲ್ಲ ಮ್ಯಾನ್‌ಹಟನ್‌ನ ಆಫೀಸಿನಲ್ಲಿ ಕೂತು ಕೈಗೆ ಸಿಗದ ಕೆಲಸ ಮಾಡಿ ಬರುವವನಿಗೆ, ಬಿಸಿಯಾಗಿ ಕೆಂಪಗೆ ಉರಿಯುವ ಒಂದು ವಾಲ್ವ್ ನೋಡಿದರೆ ಸಮಾಧಾನ.

ಈ ಕಥೆಯ ಆಂಪ್ಲಿಫೈಯರ್ ಸಿಕ್ಕಿದ್ದು ಪಕ್ಕದ ಊರಿನಲ್ಲಿ, ತೀರಿಕೊಂಡ ಒಬ್ಬ ಮುದುಕರ ಸಾಮಾನುಗಳನ್ನು ಡ್ರೈವ್‌ವೇಯಲ್ಲಿ ಹರಡಿ ಮಾರುತ್ತಿದ್ದಾಗ. ಅರವತ್ತರ ದಶಕದ್ದು. ಒಳಗೆ ಎರಡು ದೊಡ್ಡ ಸ್ಪೀಕರು. ಮುಂದೆ ಎರಡು ಚಾನೆಲ್, ಅಂದರೆ ಒಂದೇ ಪೆಟ್ಟಿಗೆಗೆ ಎರಡು ಬೇರೆ ಬೇರೆ ಬಾಗಿಲು. ಮೊದಲನೆಯದು ಸಾದಾ, ಕೊಟ್ಟದ್ದನ್ನು ಹಾಗೇ ದೊಡ್ಡದು ಮಾಡಿ ಕೇಳಿಸುತ್ತದೆ. ಎರಡನೆಯದು ಒಂದು ವಾಲ್ವ್ ಹೆಚ್ಚು ದಾಟಿ ಬರುತ್ತದೆ. ಅದರ ದಾರಿಯಲ್ಲಿ ಸ್ಪ್ರಿಂಗ್ ಇದೆ, ದನಿಗೆ ಗುಂಗು ಬರುತ್ತದೆ. ಅದನ್ನು ಕಾರಿಗೆ ಎತ್ತಿಡುವಾಗ ಸೊಂಟ ಹಿಡಿದುಕೊಂಡು ಒಂದು ವಾರ ನರಳಿದೆ. ಹೆಂಡತಿ ಅದಕ್ಕೆ 'ನಿಮ್ಮ ಎರಡನೇ ಸಂಸಾರ' ಎಂದು ಹೆಸರಿಟ್ಟಳು.

ಅದಕ್ಕೆ ಗಿಟಾರು ಜೋಡಿಸಿ ನುಡಿಸಲು ಬರುತ್ತಿದ್ದವರು ಮೇಷ್ಟ್ರು. ಅವರು ಧಾರವಾಡದವರು, ಮ್ಯಾನ್‌ಹಟನ್‌ನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪ್ರೊಫೆಸರ್. ಡೈವೋರ್ಸ್ ಆಗಿ ಬಹಳ ವರ್ಷವಾಗಿತ್ತು, ಮಗಳು ಕ್ಯಾಲಿಫೋರ್ನಿಯಾದಲ್ಲಿ. ಸ್ಟೇಷನ್ನಿನ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ಇಬ್ಬರೂ ಬೆಳಿಗ್ಗೆ ಒಂದೇ ಟ್ರೈನಿಗೆ ಕಮ್ಯೂಟ್ ಮಾಡುತ್ತಿದ್ದೆವು. ಪರಿಚಯವಾದ ಮೊದಲ ದಿನವೇ ಅವರು ನನ್ನನ್ನು ಎಬ್ಬಿಸಿ ತಮ್ಮ ಬಲಗಡೆ ಕೂರಿಸಿಕೊಂಡರು. ಇದೇನು ಶಾಸ್ತ್ರವೋ ಎಂದುಕೊಂಡೆ. ಎಡಗಿವಿ ಪೂರ್ತಿ ಹೋಗಿದೆ ಎಂದು ಗೊತ್ತಾದದ್ದು ಆಮೇಲೆ. ಕಿವಿಯ ನರದ ಮೇಲೆ ಬೆಳೆದ ಗಡ್ಡೆಯನ್ನು ತೆಗೆಯುವಾಗ ಆ ಕಿವಿಯೂ ಅದರ ಜೊತೆ ಹೋಗಿತ್ತು. ನನ್ನನ್ನು 'ಎಂಜಿನಿಯರ್ರ' ಎಂದು ಕರೆಯುತ್ತಿದ್ದರು, ನನ್ನ ಹೆಂಡತಿಯನ್ನು 'ವೈನಿ' ಎನ್ನುತ್ತಿದ್ದರು. ಅತ್ತಿಗೆಗೆ ಅವರ ಕಡೆಯ ಮಾತು. ಅವಳಿಗೆ ಇಲ್ಲಿ ಎಲ್ಲರೂ ಆಂಟಿ ಅಂದು ಅಂದು ಬೇಸರ ಬಂದಿತ್ತು. ವೈನಿ ಎಂದು ಕರೆದ ದಿನವೇ ಮೇಷ್ಟ್ರಿಗೆ ನಮ್ಮ ಅಡುಗೆಮನೆಯಲ್ಲಿ ಜಾಗ ಸಿಕ್ಕಿತು.

ಮೇಷ್ಟ್ರು ಗಿಟಾರು ಚೆನ್ನಾಗಿ ನುಡಿಸುತ್ತಿದ್ದರು ಎಂದರೆ ಸುಳ್ಳಾಗುತ್ತದೆ. ಒಂದೇ ಸ್ವರವನ್ನು ಮೀಟಿ, ಅದು ಸಾಯುವವರೆಗೂ ತಲೆ ತಗ್ಗಿಸಿ ಕೇಳುವುದು, ಮತ್ತೆ ಮೀಟುವುದು. 'ಹಾಡು ಯಾವಾಗ ಶುರು ಮೇಷ್ಟ್ರೇ?' ಎಂದು ಛೇಡಿಸುತ್ತಿದ್ದೆ. ಅವರಿಗೆ ಬೇಕಾದದ್ದು ಹಾಡಲ್ಲ, ಒಂದು ದನಿ. ಚಿಕ್ಕಂದಿನಲ್ಲಿ ಅವರ ಮನೆಗೂ ಪಕ್ಕದ ಗವಾಯಿಗಳ ಮನೆಗೂ ನಡುವೆ ಒಂದೇ ಗೋಡೆಯಂತೆ. ಮಧ್ಯಾಹ್ನ ಊಟವಾದ ಮೇಲೆ ಆ ಗೋಡೆಗೆ ಕಿವಿ ಹಚ್ಚಿ ಮಲಗುತ್ತಿದ್ದರಂತೆ.

'ತಂಬೂರಿ ಮೀಟಿದ್ರ, ನಮ್ಮ ಕಡೆ ಅದು ಬರ್ತಿದ್ದಿಲ್ರಿ. ಅದರ ನೆರಳ ಬರ್ತಿತ್ತು,' ಎಂದು ಟ್ರೈನಿನಲ್ಲಿ ಒಮ್ಮೆ ಹೇಳಿದರು. 'ಗೋಡೆ ಎಲ್ಲಾ ಚೂಪು ತಿಂದು, ಬರೇ ಮೆತ್ತಗಿಂದ ಈ ಕಡೆ ಬಿಡ್ತಿತ್ತು. ಮುಂದ ಒಂದ ಸ್ವರ ನಿಚ್ಚಳ ಇರಬೇಕು, ಅದರ ಹಿಂದ ಆ ನೆರಳ ಇರಬೇಕು. ನಿಮ್ಮ ಡಬ್ಬಿಯೊಳಗ ಅದು ಆಗ್ತದೇನು?'

'ಎರಡು ಆಂಪ್ಲಿಫೈಯರ್ ಇಟ್ರೆ ಸುಲಭ. ಒಂದರಲ್ಲಿ ಸ್ವರ, ಒಂದರಲ್ಲಿ ನೆರಳು,' ಎಂದೆ.

'ಎರಡ ಕಡೆಯಿಂದ ಬಂದ್ರ ಒಂದ ಕಿವಿಗೆ ಏನ್ ತಿಳೀತದ್ರಿ? ನಂಗ ಒಂದ ಡಬ್ಬಿ ಸಾಕು, ಒಂದ ಕಿವಿ ಅದ.'

ಹಾಗೆ ಶುರುವಾಯಿತು. ಲೆಕ್ಕದ ಪ್ರಕಾರ ಕಷ್ಟವೇನಲ್ಲ. ಗಿಟಾರಿನ ವೈರನ್ನು ಒಂದು ಪುಟ್ಟ ಡಬ್ಬಿಯಲ್ಲಿ ಎರಡಾಗಿ ಕವಲು ಒಡೆಸಬೇಕು. ಒಂದು ಕವಲು ನೇರ ಮೊದಲನೇ ಚಾನೆಲ್ಲಿಗೆ. ಇನ್ನೊಂದು ಕವಲು ಎರಡು ಪೆಡಲ್‌ಗಳನ್ನು, ಅಂದರೆ ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆಗಳನ್ನು, ದಾಟಿ ಹೋಗಬೇಕು. ಮೊದಲನೆಯದು ಪ್ರತಿಧ್ವನಿ ಎಬ್ಬಿಸುತ್ತದೆ, ಎರಡನೆಯದು ಅದರ ಚೂಪನ್ನು ತೆಗೆದು ಮೆತ್ತಗೆ ಮಾಡುತ್ತದೆ. ಆಮೇಲೆ ಎರಡನೇ ಚಾನೆಲ್ಲಿಗೆ. ಒಂದೇ ಪೆಟ್ಟಿಗೆಯಿಂದ ಸ್ವರವೂ ನೆರಳೂ. ಒಂದು ಭಾನುವಾರ ಎಲ್ಲ ಜೋಡಿಸಿ ಮೇಷ್ಟ್ರನ್ನು ಕರೆದೆ. ಮೊದಲನೇ ಚಾನೆಲ್ ಒಂದನ್ನೇ ಕೇಳಿಸಿದೆ, ತುಂಬಿದ ದನಿ. ಎರಡನೆಯದನ್ನು ಕೇಳಿಸಿದೆ, ಅದೂ ಚೆನ್ನಾಗಿತ್ತು. ಎರಡನ್ನೂ ಒಟ್ಟಿಗೆ ಹಾಕಿದೆ. ಹಿಂಡಿ ಒಣಹಾಕಿದ ಬಟ್ಟೆಯ ಹಾಗೆ ದನಿ ಸೊರಗಿಹೋಯಿತು. ಮಂದ್ರವೆಲ್ಲ ಮಾಯ, ಕೀರಲು ಮಾತ್ರ ಉಳಿಯಿತು.

ಮೇಷ್ಟ್ರು ಬಲಗಿವಿಯನ್ನು ಸ್ಪೀಕರಿಗೆ ಹಿಡಿದು ಬಹಳ ಹೊತ್ತು ಕೇಳಿದರು. 'ಒಂದೊಂದ ಇದ್ರ ಅದ, ಎರಡೂ ಸೇರಿದ್ರ ಇಲ್ಲ. ನನ್ನ ಸಂಸಾರ ಆದಂಗ ಆತಲ್ರಿ,' ಎಂದು ನಕ್ಕರು.

ಅವತ್ತು ನಾವಿಬ್ಬರೂ ನಗುವ ಸ್ಥಿತಿಯಲ್ಲಿದ್ದೆವು.

ಆ ಬೇಸಿಗೆಯಲ್ಲಿ ಅವರ ಬಲಗಿವಿಯ ನರದ ಮೇಲೂ ಗಡ್ಡೆ ಬೆಳೆದದ್ದು ಸ್ಕ್ಯಾನಿನಲ್ಲಿ ಕಂಡಿತು. ಬಿಟ್ಟರೆ ಮೆದುಳಿನ ಬುಡವನ್ನು ಒತ್ತುತ್ತದೆ, ತೆಗೆದರೆ ಕಿವಿ ಹೋಗುತ್ತದೆ. ಡಾಕ್ಟರು ಸುತ್ತಿಬಳಸದೆ ಹೇಳಿಬಿಟ್ಟಿದ್ದರಂತೆ. ದಸರಾ ಕಳೆದು ಎರಡು ವಾರಕ್ಕೆ ಸರ್ಜರಿ ಎಂದು ನಿಗದಿಯಾಯಿತು. ಇದನ್ನು ಮೇಷ್ಟ್ರು ನನಗೆ ಹೇಳಿದ್ದು ಟ್ರೈನಿನಲ್ಲೇ, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು, ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು. ಇನ್ಶೂರೆನ್ಸು, ಸೆಕೆಂಡ್ ಒಪಿನಿಯನ್ನು ಎಂದು ಏನೇನೋ ಬಡಬಡಿಸಿದೆ.

'ಅದೆಲ್ಲಾ ಆಗ್ಯದ. ನೀವು ಆ ಡಬ್ಬಿ ರೆಡಿ ಮಾಡ್ರಿ,' ಎಂದರು. 'ಬ್ಯಾರೆ ಎಲ್ಲಾ ಕೇಳೇನಿ ನಾನು. ಐವತ್ತೆಂಟ ವರ್ಷದಾಗ ಕೇಳಬೇಕಾದ್ದು, ಕೇಳಬಾರದ್ದು ಎಲ್ಲಾ ಕೇಳೇನಿ. ಅದೊಂದನ್ನ ಮತ್ತೊಮ್ಮೆ ಕೇಳಬೇಕು. ಆಮೇಲೆ ಹೋದ್ರ ಹೋಗಲಿ.'

ಆ ಮಾತು ಕೇಳಿದವನು ಏನು ಮಾಡಬೇಕಿತ್ತು? ಯಾರಾದರೂ ತಿಳಿದವರನ್ನು ಕೇಳಬಹುದಿತ್ತು. ಇಂಥ ತೊಂದರೆಗೆಂದೇ ಕಟ್ಟಿದ ರೆಡಿಮೇಡ್ ಡಬ್ಬಿಗಳು ಸಿಗುತ್ತವೆ, ಆರ್ಡರ್ ಮಾಡಿದರೆ ಎರಡು ದಿನಕ್ಕೆ ಬಾಗಿಲಿಗೆ ಬಂದು ಬೀಳುತ್ತವೆ. ಆದರೆ ನಾನು ಎಂಜಿನಿಯರ್ರ ಅಲ್ಲವೇ. ನಾನೇ ಹುಡುಕುತ್ತೇನೆ ಎಂದು ಪಟ್ಟು ಹಿಡಿದೆ. ಹಳೆಯ ಕೆಪಾಸಿಟರುಗಳ ಮೇಲೆ ತಪ್ಪು ಹೊರಿಸಿ ಎಲ್ಲವನ್ನೂ ಬದಲಿಸಿದೆ. ವಾಲ್ವ್‌ಗಳನ್ನು ಬದಲಿಸಿದೆ. ಗುಂಯ್ ಎನ್ನುವ ಸದ್ದು ಹೋಗಲೆಂದು ಎರಡನೇ ಕವಲಿನ ನಡುವೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರಿನ ಡಬ್ಬಿ ಕಟ್ಟಿದೆ. ಗುಂಯ್ ಹೋಯಿತು, ಸೊರಗು ಹೋಗಲಿಲ್ಲ. ಹೀಗೇ ವಾರಗಳು ಹೋದವು. ಟ್ರೈನಿನಲ್ಲಿ ಮೇಷ್ಟ್ರು ದಿನಾ ಕೇಳುತ್ತಿದ್ದರು. ನವರಾತ್ರಿ ಶುರುವಾಗುವ ಹೊತ್ತಿಗೆ ನಾಚಿಕೆಯಾಗಿ, 'ರೆಡಿ ಆಗಿದೆ ಮೇಷ್ಟ್ರೇ. ಹಬ್ಬದ ಗಲಾಟೆ ಮುಗೀಲಿ, ಬನ್ನಿ, ಆರಾಮಾಗಿ ಕೇಳೋಣ' ಎಂದುಬಿಟ್ಟೆ. ಹಬ್ಬ ಮುಗಿದ ಮೇಲೂ ಎರಡು ವಾರ ಸಮಯವಿದೆಯಲ್ಲ ಎಂಬ ಧೈರ್ಯ.

ಗುಟ್ಟು ಹೊಳೆದದ್ದು ನವಮಿಯ ಬೆಳಿಗ್ಗೆ, ಟ್ರೈನಿನಲ್ಲಿ. ಅವತ್ತು ಮೇಷ್ಟ್ರು ಬಂದಿರಲಿಲ್ಲ, ಬ್ಲಡ್ ಟೆಸ್ಟಿಗೆ ಹೋಗಿದ್ದರು. ಎರಡನೇ ಚಾನೆಲ್ ಒಂದು ವಾಲ್ವ್ ಹೆಚ್ಚು ದಾಟಿ ಬರುತ್ತದೆ ಎಂದೆನಲ್ಲ, ಪ್ರತಿ ವಾಲ್ವ್ ದಾಟುವಾಗಲೂ ಸಿಗ್ನಲ್ಲು ತಲೆಕೆಳಗಾಗುತ್ತದೆ. ಹಾಗಾಗಿ ಮೊದಲನೇ ಚಾನೆಲ್ ಸ್ಪೀಕರನ್ನು ಮುಂದಕ್ಕೆ ನೂಕುವಾಗ ಎರಡನೆಯದು ಹಿಂದಕ್ಕೆ ಎಳೆಯುತ್ತಿತ್ತು. ಒಬ್ಬ ನೂಕಿ ಒಬ್ಬ ಎಳೆದರೆ ಸ್ಪೀಕರು ಎಲ್ಲಿಗೆ ಹೋದೀತು? ನಮ್ಮ ಲೆಕ್ಚರರು ಎರಡನೇ ವರ್ಷ ಹೇಳಿಕೊಟ್ಟ ಪಾಠ. ಮದ್ದೂ ಅಷ್ಟೇ ಸುಲಭ. ನಾನು ಕಟ್ಟಿದ ಡಬ್ಬಿಯಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಹೊರಬರುವ ಎರಡು ತಂತಿಗಳನ್ನು ಅದಲು ಬದಲು ಮಾಡಿ ಬೆಸುಗೆ ಹಾಕಿದರೆ ಮುಗಿಯಿತು. ಸೀಟಿನಲ್ಲೇ ತೊಡೆ ತಟ್ಟಿಕೊಂಡೆ. ಪಕ್ಕದ ಹೆಂಗಸು ಬೆಚ್ಚಿಬಿದ್ದು ಸರಿದು ಕೂತಳು.

ಸಂಜೆ ಐದಕ್ಕೆ ಮನೆಗೆ ಬಂದರೆ ಆಯುಧಪೂಜೆ ಮುಗಿದಿತ್ತು. ಡ್ರೈವ್‌ವೇಯಲ್ಲಿ ಕುಂಕುಮ ತುಂಬಿದ ಬೂದುಗುಂಬಳಕಾಯಿಯ ಹೋಳುಗಳು, ಎರಡೂ ಕಾರುಗಳಿಗೆ ಹೂವು. ಹೆಂಡತಿ ಪ್ರತಿ ವರ್ಷ ಮನೆಯಲ್ಲಿರುವುದನ್ನೆಲ್ಲ ಪೂಜೆಗಿಡುತ್ತಾಳೆ. ಚಾಕು, ಕತ್ತರಿ, ಮಿಕ್ಸಿ, ನನ್ನ ಲ್ಯಾಪ್‌ಟಾಪು. ಇಟ್ಟದ್ದನ್ನು ದಶಮಿಯ ಬೆಳಿಗ್ಗೆವರೆಗೆ ಮುಟ್ಟುವ ಹಾಗಿಲ್ಲ, ಅವಳ ತೌರಿನಲ್ಲೂ ಹಾಗೇ, ನಮ್ಮಲ್ಲೂ ಹಾಗೇ. ಈ ಸಲ ಅವಳು ಬೇಸ್‌ಮೆಂಟಿಗೂ ಇಳಿದಿದ್ದಳು. 'ಮೇಷ್ಟ್ರಿಗೆ ಒಳ್ಳೇದಾಗ್ಲಿ ಅಂತ ನಿಮ್ಮ ಎರಡನೇ ಸಂಸಾರಕ್ಕೂ ಮಾಡಿದೀನಿ,' ಎಂದಳು. ಹೋಗಿ ನೋಡಿದೆ. ಆಂಪ್ಲಿಫೈಯರಿನ ಮೇಲೆ ಸೇವಂತಿಗೆ ಹಾರ, ಒಂದೊಂದು ನಾಬಿಗೂ ಚಿಕ್ಕ ಕುಂಕುಮದ ಬೊಟ್ಟು. ಪೆಡಲ್‌ಗಳು, ನನ್ನ ಡಬ್ಬಿ, ಬೆಸುಗೆಯ ಕಡ್ಡಿ ಎಲ್ಲವೂ ಒಂದು ತಟ್ಟೆಯಲ್ಲಿ, ಅಕ್ಷತೆಯ ಕೆಳಗೆ. ಇರಲಿ, ನಾಳೆ ಮಾಡಿದರಾಯಿತು ಎಂದುಕೊಂಡು ಮೇಲೆ ಬಂದೆ.

ಆರು ಗಂಟೆಗೆ ಮೇಷ್ಟ್ರು ಬಂದರು, ಫೋನೂ ಮಾಡದೆ, ಕೈಯಲ್ಲಿ ಗಿಟಾರಿನ ಪೆಟ್ಟಿಗೆ ಹಿಡಿದು. ಹೆಂಡತಿ ಹಿತ್ತಿಲಲ್ಲಿದ್ದಳು. ನಾನೇ ಬಾಗಿಲು ತೆಗೆದೆ.

'ಎಂಜಿನಿಯರ್ರ, ನಾಳೆ ಬೆಳಿಗ್ಗೆನ ಬರ್ರಿ ಅಂತ ದವಾಖಾನಿಯಿಂದ ಫೋನ್ ಬಂತು. ಯಾರದೋ ಕ್ಯಾನ್ಸಲ್ ಆತಂತ, ನಂದು ಮುಂದ ತಂದಾರ. ಐದೂವರಿಗೆ ಅಲ್ಲಿರಬೇಕು. ಮಗಳು ಇನ್ನೊಂದ ತಾಸಿಗೆ ಬಂದ ಇಳೀತಾಳ, ಕರಕೊಂಡ ಬರಬೇಕು. ಅಷ್ಟರೊಳಗ ಒಂದ ಸಲ ಕೇಳಿಸಿಬಿಡ್ರಿ.'

ಒಟ್ಟಿಗೆ ಬೇಸ್‌ಮೆಂಟಿಗೆ ಇಳಿದೆವು. ಹೂವು ನೋಡಿ ಮೇಷ್ಟ್ರು ಕೊನೆಯ ಮೆಟ್ಟಿಲಲ್ಲೇ ನಿಂತರು. 'ಅಯ್ಯ, ಖಂಡೇನವಮಿ ಅಲ್ಲೇನ್ರಿ ಇವತ್ತ! ಗದ್ದಲದಾಗ ಮರತೇಬಿಟ್ಟೆ.' ಅವರ ಕಡೆ ಈ ಹಬ್ಬಕ್ಕೆ ಹಾಗೆನ್ನುತ್ತಾರೆ.

ಆ ಕ್ಷಣ ನನ್ನ ತಲೆಯಲ್ಲಿ ಓಡಿದ್ದೆಲ್ಲ ನೆನಪಿದೆ. ಹೂವು ಸರಿಸಬೇಕು, ಬೆಸುಗೆ ಕಡ್ಡಿ ಬಿಸಿಮಾಡಬೇಕು, ಎರಡು ತಂತಿ ಬದಲಿಸಬೇಕು. ಹತ್ತು ನಿಮಿಷ. ಆದರೆ ರೆಡಿ ಎಂದು ವಾರದಿಂದ ಹೇಳಿದವನು ಅವರ ಕಣ್ಣೆದುರು ಡಬ್ಬಿ ಬಿಚ್ಚಿ ಕೂರಬೇಕು. ಬೆಳಿಗ್ಗೆ ಹೊಳೆದದ್ದು ಒಂದು ವೇಳೆ ತಪ್ಪಾಗಿದ್ದರೆ? ಮತ್ತೆ ಅದೇ ಸೊರಗಿದ ಕೀರಲು ಬಂದರೆ? ಅದೇ ಅವರು ಕೇಳುವ ಕೊನೆಯ ದನಿಯಾದರೆ? ನನಗೆ ಹೆದರಿಕೆಯಾಯಿತು. ಎದುರಿಗೆ ಸೇವಂತಿಗೆ ಹಾರವಿತ್ತು.

'ಪೂಜೆಗೆ ಇಟ್ಬಿಟ್ಟಿದಾಳೆ ಮೇಷ್ಟ್ರೇ,' ಎಂದೆ.

'ಹೂವ ಸರಿಸಿ ಒಂದೈದು ನಿಮಿಷ... ವೈನಿ ಏನಾರ ಅಂತಾರೇನು?'

'ಅವಳು ಇದರಲ್ಲೆಲ್ಲ ತುಂಬಾ ಸ್ಟ್ರಿಕ್ಟು. ಪೂಜೆಗಿಟ್ಟದ್ದನ್ನ ಮುಟ್ಟಿದ್ರೆ... ನಾಳೆ ಆಪರೇಷನ್ ಬೇರೆ ಇದೆ ನಿಮಗೆ.'

ಆ ಕೊನೆಯ ಮಾತು ಯಾಕಾದರೂ ಆಡಿದೆನೋ. ಅವರೂ ನನ್ನಷ್ಟೇ ಭಕ್ತರು, ಹಬ್ಬಕ್ಕೆ ಊಟಕ್ಕೆ ಬರುವ ಪೈಕಿ. ಆದರೆ ಬೆಳಗಾದರೆ ತಲೆಬುರುಡೆ ತೆರೆಸಿಕೊಳ್ಳಬೇಕಾದ ಮನುಷ್ಯ. ಅವರ ಮುಖ ಬಿಳಿಚಿತು. 'ಬ್ಯಾಡ ಬ್ಯಾಡ, ಮುಟ್ಟೂದ ಬ್ಯಾಡ,' ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಆಂಪ್ಲಿಫೈಯರಿಗೆ ಕೈಮುಗಿದು, ಬೆರಳನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಕೇಳಿದರು:

'ಆದ್ರ ರೆಡಿ ಅಂತೂ ಆಗ್ಯದಲ್ಲ?'

'ಆಗಿದೆ.'

'ಹೆಂಗದ?'

'ನೀವು ಹೇಳಿದ ಹಾಗೇ. ಗೋಡೆ ಆಚೆ ತಂಬೂರಿ.'

ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಹೊರಡುವಾಗ ಗಿಟಾರನ್ನು ನನ್ನ ಬಳಿಯೇ ಬಿಟ್ಟರು, ಇನ್ನು ಮೇಲೆ ಬೇಕಾಗುವುದಿಲ್ಲ ಎಂದರು. ಹಿತ್ತಿಲಿನಿಂದ ಬಂದ ಹೆಂಡತಿ ಕಡಲೆಕಾಳಿನ ಉಸಲಿ ಕೊಟ್ಟರೆ ಒಂದು ಚಮಚ ತಿಂದು ತಟ್ಟೆ ಕೆಳಗಿಟ್ಟರು. 'ಬರ್ತೇನ್ರಿ ವೈನಿ' ಎಂದು ಅವಳ ಮುಖ ನೋಡದೆ ಹೋದರು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಕೇಳಿದಳು. 'ನುಡಿಸ್ಲೇ ಇಲ್ವಲ್ಲ?'

'ಪೂಜೆಗೆ ಇಟ್ಟಿದೆಯಲ್ಲ.'

'ಅಯ್ಯೋ! ತೆಗೆದು ಕೊಡೋದಲ್ವೇನ್ರಿ? ನಾನೇನು ಬೇಡ ಅಂದೆನಾ? ನಾಳೆ ಅವರಿಗೆ ಕಿವಿನೇ ಇರಲ್ಲ. ದೇವರೇನು ಅಷ್ಟು ಕಲ್ಲಾ? ಫೋನ್ ಮಾಡಿ, ವಾಪಸ್ ಕರೀರಿ.'

ಫೋನು ನನ್ನ ಕೈಯಲ್ಲೇ ಇತ್ತು. 'ಮಗಳನ್ನ ಕರ್ಕೊಂಡು ಬರೋಕೆ ಹೋಗ್ತಿದಾರೆ, ಡ್ರೈವ್ ಮಾಡ್ತಿರ್ತಾರೆ,' ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಮೂವತ್ತು ವರ್ಷದಲ್ಲಿ ನಾನು ಒಂದು ಶಾಸ್ತ್ರವನ್ನೂ ನೆಟ್ಟಗೆ ಪಾಲಿಸಿದವನಲ್ಲ.

ದಶಮಿಯ ದಿನ ನಾನು ರಜೆ ಹಾಕಿದ್ದೆ. ಬೆಳಿಗ್ಗೆ ಏಳರ ಹೊತ್ತಿಗೆ ಹೆಂಡತಿ ಕಾಫಿ ಫಿಲ್ಟರಿಗೆ ಪುಡಿ ತುಂಬಿ ಬಿಸಿನೀರು ಹಾಕುತ್ತಿದ್ದಳು. ನಾನು ಕೆಳಗಿಳಿದೆ. ಹೂವು ತೆಗೆದೆ, ಬೆಸುಗೆ ಕಡ್ಡಿ ಬಿಸಿಮಾಡಿದೆ, ಎರಡು ತಂತಿ ಬದಲಿಸಿದೆ. ಮೇಷ್ಟ್ರ ಗಿಟಾರಿನ ವೈರನ್ನು ಚುಚ್ಚಿ, ನನಗೆ ಬಂದ ಹಾಗೆ ದಪ್ಪ ತಂತಿಯನ್ನು ಒಮ್ಮೆ ಮೀಟಿದೆ. ಮುಂದೆ ಒಂದು ಸ್ವರ ನಿಚ್ಚಳವಾಗಿ ನಿಂತಿತು. ಅದರ ಹಿಂದೆ, ಎಲ್ಲೋ ಗೋಡೆಯ ಆಚೆ, ಅದರ ನೆರಳು ಎದ್ದು ಬಂತು. ಬೇಸ್‌ಮೆಂಟಿನ ತುಂಬ ತುಂಬಿಕೊಂಡಿತು. ಧಾರವಾಡದ ಆ ಮನೆಯನ್ನು ನಾನು ಕಂಡವನಲ್ಲ, ಆದರೂ ಅದೇ ಎಂದು ಗೊತ್ತಾಯಿತು. ಅದು ಇಂಗುವ ಮೊದಲೇ ಸ್ವಿಚ್ ಆಫ್ ಮಾಡಿದೆ.

ಮೇಲೆ ಬಂದಾಗ ಹೆಂಡತಿ ಫಿಲ್ಟರನ್ನು ಬೆರಳಿನಿಂದ ತಟ್ಟುತ್ತಿದ್ದಳು. 'ಡಿಕಾಕ್ಷನ್ ಇನ್ನೂ ಇಳಿದೇ ಇಲ್ಲ, ಆಗ್ಲೇ ಬಂದ್ರಾ? ಏನೋ ಸುಟ್ಟ ವಾಸನೆ?'

'ಒಂದು ತಂತಿ ಸಡಿಲ ಇತ್ತು,' ಎಂದೆ.

ಅದೇ ಹೊತ್ತಿಗೆ ಮೇಷ್ಟ್ರು ಮ್ಯಾನ್‌ಹಟನ್‌ನ ಆಸ್ಪತ್ರೆಯ ಟೇಬಲ್ಲಿನ ಮೇಲಿದ್ದರು.

ಕಿವಿ ಹೋಯಿತು. ಅದರ ಜೊತೆ ಮುಖದ ನರಕ್ಕೂ ಪೆಟ್ಟಾಗಿ ಬಲಗೆನ್ನೆ ಜೋತುಬಿತ್ತು. ನಾಲ್ಕನೇ ದಿನ ನನ್ನ ಫೋನಿಗೆ ಮೊದಲ ಮೆಸೇಜ್ ಬಂತು: 'ಪೂಜಿ ಫಲ ಆತು ಅಂತ ವೈನಿಗೆ ಹೇಳ್ರಿ.' ಫೋನು ಊಟದ ಟೇಬಲ್ಲಿನ ಮೇಲಿತ್ತು. ಅವಳೇ ಮೊದಲು ಓದಿದಳು. ಓದಿ, ಫೋನನ್ನು ನನ್ನ ಕಡೆ ತಳ್ಳಿ, ಸಾರು ಬಿಸಿಮಾಡಲು ಎದ್ದುಹೋದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಪಾಪ ಅವರಿಗೆ ಹುಷಾರಿಲ್ಲ, ಈಗ ಬೇಡ, ಚೇತರಿಸಿಕೊಳ್ಳಲಿ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ಕಾರಣಗಳಿಗೆ ಬರವಿಲ್ಲ.

ಮೇಷ್ಟ್ರು ಕಾಲೇಜು ಬಿಟ್ಟರು. ನಡೆಯುವಾಗ ಸಮತೋಲ ತಪ್ಪುತ್ತಿತ್ತು, ಕೋಲು ಹಿಡಿದರು. ತಮ್ಮ ದನಿ ತಮಗೇ ಕೇಳದ್ದರಿಂದ ಎಲ್ಲವನ್ನೂ ಕೂಗಿ ಹೇಳುತ್ತಿದ್ದರು. ಅಂಗಡಿಯಲ್ಲಿ ಜನ ತಿರುಗಿ ನೋಡುತ್ತಿದ್ದರು. ನಾನು ವಾರಕ್ಕೊಮ್ಮೆ ಅವರ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದೆ, ಒಂದು ಬಿಳಿ ಹಲಗೆಯ ಮೇಲೆ ನಾನು ಬರೆದು, ಅವರು ಮಾತಾಡಿ, ಹೊತ್ತು ಕಳೆಯುತ್ತಿದ್ದೆವು. ನಮ್ಮ ಮನೆಗೆ ಮಾತ್ರ ಬರುತ್ತಿರಲಿಲ್ಲ. ಹೆಂಡತಿ ಕಳಿಸಿದ ಬಿಸಿಬೇಳೆಬಾತಿನ ಡಬ್ಬಿಯನ್ನು ಮರುವಾರ ತೊಳೆದು ಕೊಡುತ್ತಿದ್ದರು. ತಿಂದರೋ ಚೆಲ್ಲಿದರೋ ಹೇಳುತ್ತಿರಲಿಲ್ಲ. ಒಂದು ದಿನ ಅವಳು ಡಬ್ಬಿ ಒರೆಸುತ್ತಾ ಅಂದಳು, 'ನಾನು ಅವತ್ತು ಬೇಸ್‌ಮೆಂಟಿಗೆ ಇಳೀಲೇಬಾರದಿತ್ತು.' ನಾನು ಡಬ್ಬಿಯನ್ನು ತೆಗೆದು ಕಪಾಟಿನಲ್ಲಿಟ್ಟೆ.

ಮರುವರ್ಷದ ನವಮಿಗೆ ಅವಳೇ ಮೇಷ್ಟ್ರಿಗೆ ಮೆಸೇಜ್ ಕಳಿಸಿ ಕರೆದಳು. ಏನು ಬರೆದಳೋ, ರಜೆಗೆ ಬಂದಿದ್ದ ಮಗಳ ಜೊತೆ ಕಾರಿನಲ್ಲಿ ಬಂದರು. ಮಗಳು ಅವರನ್ನು ಬಾಗಿಲಲ್ಲಿ ಇಳಿಸಿ, ಅಂಗಡಿಯಲ್ಲಿ ಕೆಲಸವಿದೆಯೆಂದು ಹೋದಳು. ಆ ವರ್ಷ ಹೆಂಡತಿ ಚಾಕು ಕತ್ತರಿಗೂ ಕುಂಕುಮ ಇಟ್ಟಿರಲಿಲ್ಲ. 'ಕೆಳಗೆ ಹೋಗಿ, ನುಡಿಸಿ ಅವರಿಗೆ,' ಎಂದಳು ನನಗೆ. 'ಕೈಯಿಟ್ಟು ನೋಡಲಿ. ಅಷ್ಟಾದ್ರೂ ಸಿಗಲಿ.'

ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಎರಡೂ ಅಂಗೈಗಳನ್ನು ಆಂಪ್ಲಿಫೈಯರಿನ ಮರದ ಮೇಲೆ ಒತ್ತಿ ಹಿಡಿದರು. ವಾಲ್ವ್‌ಗಳು ಬಿಸಿಯಾಗುವವರೆಗೆ ಕಾದೆ. ಮೊದಲನೇ ಚಾನೆಲ್ ಒಂದನ್ನೇ ಮೀಟಿದೆ, ಆಮೇಲೆ ಎರಡನೆಯದು. ಎರಡನ್ನೂ ಸೇರಿಸಿ ದಪ್ಪ ತಂತಿಯನ್ನು ಮೀಟಿದಾಗ ಅವರ ಗದ್ದ ಮೇಲೆದ್ದಿತು. ಕಂಪನ ಪೂರ್ತಿ ಇಂಗುವವರೆಗೂ ಕೈ ತೆಗೆಯಲಿಲ್ಲ. ಆಮೇಲೆ ಬೇಸ್‌ಮೆಂಟು ಅದುರುವ ಹಾಗೆ ಕೂಗಿ ಕೇಳಿದರು:

'ಅವತ್ತೂ ಹಿಂಗ ಇತ್ತೇನು?'

ಹೆಂಡತಿ ಕಾಫಿಯ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಮೇಷ್ಟ್ರು ಜೊತೆಗೆ ತಂದಿದ್ದ ಬಿಳಿ ಹಲಗೆಯನ್ನು ನಾನು ತೆಗೆದುಕೊಂಡೆ. ಒಂದು ವರ್ಷ ಹೊತ್ತದ್ದು ಇನ್ನು ಸಾಕಾಗಿತ್ತು. 'ಇಲ್ಲ. ಅವತ್ತು ರೆಡಿ ಆಗಿರಲಿಲ್ಲ. ನಾನು ಸುಳ್ಳು ಹೇಳಿದೆ. ಅವಳು ಮುಟ್ಟಬೇಡಿ ಅಂದಿರಲೇ ಇಲ್ಲ' ಎಂದು ಬರೆದೆ.

ಅವರು ಎರಡು ಸಲ ಓದಿದರು. ಬೈಯುತ್ತಾರೆ, ಕೋಲೆತ್ತಿ ಬಾರಿಸಿದರೂ ಬಾರಿಸಲಿ ಎಂದು ಕಾದೆ. ಅವರ ಮುಖದ ಅರ್ಧ ನಕ್ಕಿತು, ಕಣ್ಣಲ್ಲಿ ನೀರು ಬಂತು.

'ಅಂದ್ರ ಅವತ್ತ ಕೇಳಲಿಕ್ಕೆ ಏನೂ ಇರಲೇ ಇಲ್ಲ! ನಾ ಇಲ್ಲೇ ನಿಂತು ಅದನ್ನ ಬಿಟ್ಟು ಹೋದೆ ಅಂತ ಒಂದ ವರ್ಷ ಒದ್ದಾಡೇನ್ರಿ. ಇರಲೇ ಇಲ್ಲ ಅಂದ ಮ್ಯಾಲ ನಾ ಏನೂ ಕಳಕೊಂಡಿಲ್ಲ.' ಮೆಟ್ಟಿಲ ಕಡೆ ತಿರುಗಿ ಕೈಮುಗಿದರು. 'ವೈನಿ, ತಪ್ಪಾತ್ರಿ. ನಿಮಗ ಅನಬಾರದ್ದು ಅಂದೆ.' ಆಮೇಲೆ ನನ್ನನ್ನು ಕೇಳಿದರು, 'ಎಷ್ಟ ಕೆಲಸ ಉಳದಿತ್ರಿ ಅವತ್ತ?'

ಪೆನ್ನು ನನ್ನ ಕೈಯಲ್ಲಿತ್ತು. ಅವರ ಮುಖ ವರ್ಷದ ಮೇಲೆ ಮೊದಲ ಸಲ ಹಗುರಾಗಿತ್ತು. ಅವರಿಗಾಗಿ ಬರೆದೆನೋ ನನಗಾಗಿ ಬರೆದೆನೋ, ಈಗಲೂ ಹೇಳಲಾರೆ. 'ತುಂಬಾ ಇತ್ತು' ಎಂದು ಬರೆದೆ.

ಹೆಂಡತಿ ಅಷ್ಟರಲ್ಲಿ ಕೆಳಗೆ ಬಂದಿದ್ದಳು. ಹಲಗೆ ಓದಿದಳು. ತಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟು, ಒಂದು ಲೋಟವನ್ನು ಮೇಷ್ಟ್ರ ಕೈಗೆ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಅಲ್ಲಿ ಯಾರಿಗೂ ಕೇಳಿಸಬಾರದು ಎನ್ನುವಷ್ಟು ಮೆಲ್ಲಗೆ ಅಂದಳು:

'ಮಾರನೇ ಬೆಳಿಗ್ಗೆ ಡಿಕಾಕ್ಷನ್ ಇಳಿಯೋಕೆ ಮುಂಚೆನೇ ಮೇಲೆ ಬಂದಿದ್ರಿ ನೀವು.'

ಮೇಷ್ಟ್ರು ಅವಳ ತುಟಿ ಅಲುಗಿದ್ದು ನೋಡಿ ಲೋಟ ಕೆಳಗಿಳಿಸಿದರು. 'ಏನಂತಾರ ವೈನಿ?' ಎಂದು ಕೂಗಿದರು.

ಅವಳು ಹಲಗೆ ಒರೆಸಿ ನನ್ನ ಕೈಗೆ ಕೊಟ್ಟು, ನಾನು ಏನು ಬರೆಯುತ್ತೇನೆಂದು ನೋಡುತ್ತಾ ನಿಂತಳು.

'ಕಾಫಿ ಆರುತ್ತೆ, ಬೇಗ ಕುಡೀರಿ ಅಂತಿದಾಳೆ' ಎಂದು ಬರೆದೆ. ಅವರು ಓದಿ, ತಲೆಯಾಡಿಸಿ, ಕುಡಿದರು.